ದಾರಿಯಿಂದ ಬರೆದ ಓಲೆಗಳು

ಚಾರ್ಮಾಡಿ ಘಾಟಿಯ ಬುಡದಲ್ಲಿರುವ ನಮ್ಮ ಮುಂಡಾಜೆಗೆ ದೇಶವೆಂದರೆ ಮೊದಲಿನಿಂದಲೂ ಒಂದು ರಸ್ತೆ. ಪಡುವಣಕ್ಕೆ ಹೋದರೆ ಉಜಿರೆ, ಬೆಳ್ತಂಗಡಿ, ಬಂಟ್ವಾಳಗಳನ್ನು ದಾಟಿ ಮಂಗಳೂರಿನ ಕಡಲು. ಮೂಡಣಕ್ಕೆ ಹೋದರೆ ಕಕ್ಕಿಂಜೆ, ಚಾರ್ಮಾಡಿ, ಆಮೇಲೆ ಸುತ್ತಿ ಸುತ್ತಿ ಏರುವ ತಿರುವುಗಳು, ಮಂಜು, ಕೊಟ್ಟಿಗೆಹಾರ. ಅದರಾಚೆಗೆ ಏನಿದೆಯೆಂಬುದನ್ನು ನಮ್ಮ ಬಾಲ್ಯದಲ್ಲಿ ಇಬ್ಬರು ತಿಳಿಸುತ್ತಿದ್ದರು: ಒಬ್ಬರು ಭೂಗೋಳದ ಮಾಸ್ತರರು, ಇನ್ನೊಬ್ಬರು ಅಂಚೆಯವರು. ಮಾಸ್ತರರು ಹೇಳಿದ್ದರಲ್ಲಿ ಬಹುಪಾಲು ಮರೆತುಹೋಗಿದೆ. ಅಂಚೆಯವರು ತಂದುಕೊಟ್ಟದ್ದು ಮರೆತಿಲ್ಲ. ಅದೇಕೆ ಹಾಗೆ ಎಂದು ಯೋಚಿಸುತ್ತ ಹೋದಾಗ ನನಗೆ ಹೊಳೆದ ಕೆಲವು ಮಾತುಗಳನ್ನು ಇಂದು ಕೇಳುಗರ ಮುಂದಿಡುತ್ತೇನೆ.

ವಿಷಯ ಸಣ್ಣದು, ಸಾಹಿತ್ಯಚರಿತ್ರೆಯಲ್ಲಿ ಅದಕ್ಕೆ ಅರ್ಧ ಪುಟವೂ ಸಿಕ್ಕಲಾರದು. ಒಂದು ದೀರ್ಘ ಪ್ರವಾಸವನ್ನು ಓಲೆಗಳ ಮೂಲಕ, ಚಿತ್ರಗಳ ಸಹಿತ ಮಕ್ಕಳಿಗೆ ಹೇಳುವ ಪುಸ್ತಕದ ಬಗೆಯೊಂದಿದೆ. ಅಮೆರಿಕದಲ್ಲಿ ೧೯೮೮ರಲ್ಲಿ ಪ್ರಕಟವಾದ ‘ಸ್ಟ್ರಿಂಗ್‌ಬೀನ್ಸ್ ಟ್ರಿಪ್ ಟು ದ ಶೈನಿಂಗ್ ಸೀ’ ಎಂಬುದು ಈ ಬಗೆಯ ಒಳ್ಳೆಯ ಮಾದರಿ. ವೆರಾ ವಿಲಿಯಮ್ಸ್ ಮತ್ತು ಅವರ ಮಗಳು ಜೆನಿಫರ್ ವಿಲಿಯಮ್ಸ್ ಸೇರಿ ರಚಿಸಿದ್ದು. ಕಾನ್ಸಾಸ್ ಪ್ರಾಂತದ ಹುಡುಗನೊಬ್ಬ ಬೇಸಗೆಯ ರಜೆಯಲ್ಲಿ ಅಣ್ಣನೊಡನೆ ಲಾರಿಯಂಥದೊಂದು ಬಂಡಿಯಲ್ಲಿ ಪಡುವಣ ಕಡಲಿನವರೆಗೆ ಹೋಗುತ್ತಾನೆ. ಹೋಗುತ್ತ ಮನೆಯವರಿಗೆ ಕಾರ್ಡು ಬರೆಯುತ್ತಾನೆ. ಪುಸ್ತಕವೆಂದರೆ ಆ ಕಾರ್ಡುಗಳೇ. ಒಂದು ಮಗ್ಗುಲಿಗೆ ಚಿತ್ರ, ಇನ್ನೊಂದು ಮಗ್ಗುಲಿಗೆ ಹುಡುಗನ ಬರಹ, ಅಂಚೆಚೀಟಿ, ಅದರ ಮೇಲೆ ಮುದ್ರೆ. ನಡುವೆ ನಿಂತು ಕಥೆ ಹೇಳುವ ಲೇಖಕರಿಲ್ಲ. ಒಂದು ಕಾರ್ಡಿಗೂ ಮುಂದಿನ ಕಾರ್ಡಿಗೂ ನಡುವೆ ನಡೆದುದನ್ನು ಓದುವ ಮಗುವೇ ಊಹಿಸಿಕೊಳ್ಳಬೇಕು.

ಈ ಪುಸ್ತಕವನ್ನು ಓದಿದಾಗ ನನಗೆ ಮೊದಲು ನೆನಪಾದದ್ದು, ನಗಬೇಡಿ, ಕಾಳಿದಾಸ. ದಾರಿಯನ್ನೇ ಓಲೆಯೊಳಗೆ ಮಡಚಿಟ್ಟುಕೊಟ್ಟ ಮೊದಲಿಗನೆಂದು ಅವನನ್ನು ಕರೆಯಬಹುದು. ‘ಮೇಘದೂತ’ದ ಪೂರ್ವಾರ್ಧವೆಲ್ಲ ಮಾರ್ಗವರ್ಣನೆಯೇ: ರಾಮಗಿರಿಯಿಂದ ಹೊರಟ ಮೋಡ ಆಮ್ರಕೂಟವನ್ನು ಕಂಡು, ರೇವೆಯನ್ನು ದಾಟಿ, ವಿದಿಶೆಗೆ ಹೋಗಿ, ತುಸು ಸುತ್ತಾದರೂ ಸರಿ ಎಂದು ಉಜ್ಜಯಿನಿಯನ್ನು ಹೊಕ್ಕು, ಕೊನೆಗೆ ಅಲಕೆಯನ್ನು ಸೇರಬೇಕು. ಬೇಂದ್ರೆಯವರು ೧೯೪೩ರಲ್ಲಿ ಅದನ್ನು ಕನ್ನಡಕ್ಕೆ ತಂದರು; ಅನೇಕ ವರ್ಷ ನಾನು ತರಗತಿಯಲ್ಲಿ ಆ ಅನುವಾದವನ್ನು ಪಾಠ ಹೇಳಿದ್ದೇನೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಯಕ್ಷ ನಿಂತಲ್ಲೇ ನಿಂತವನು. ಸಂದೇಶ ಹೋಗುವ ದಾರಿ ಅವನಿಗೆ ತಿಳಿದಿದೆ, ಅದನ್ನು ಅವನು ಮೋಡಕ್ಕೆ ಮೊದಲೇ ಹೇಳಿಕೊಡುತ್ತಾನೆ. ದಾರಿಯಿಂದ ಓಲೆ ಬರೆಯುವವನಿಗೆ ನಾಳೆ ಏನೆಂಬುದು ಗೊತ್ತಿಲ್ಲ. ಇಂದಿನ ಊರಿನಲ್ಲಿ ಕುಳಿತು ಇಂದಿನದನ್ನಷ್ಟೇ ಅವನು ಬರೆಯಬಲ್ಲ.

ಪ್ರವಾಸಕಥನಕ್ಕೂ ದಾರಿಯ ಓಲೆಗೂ ಇರುವ ಭೇದವೂ ಇಲ್ಲಿಯೇ. ಕನ್ನಡದಲ್ಲಿ ಒಳ್ಳೆಯ ಪ್ರವಾಸಕಥನಗಳಿಗೆ ಬಡತನವಿಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಇದೆ. ಕಾರಂತರ ‘ಅಬೂವಿಂದ ಬರಾಮಕ್ಕೆ’ ೧೯೫೦ರಲ್ಲಿಯೇ ಬಂದಿತು. ಆದರೆ ಪ್ರವಾಸಕಥನವನ್ನು ಬರೆಯುವವನು ಮನೆಗೆ ಮರಳಿ, ಸ್ನಾನ ಮಾಡಿ, ಉಂಡು, ಮೇಜಿನ ಮುಂದೆ ಕುಳಿತವನು. ಅವನು ಕ್ಷೇಮವಾಗಿ ಬಂದನೆಂಬುದು ಮೊದಲ ಪುಟದಲ್ಲಿಯೇ ನಮಗೆ ಗೊತ್ತು. ಓಲೆ ಬರೆಯುವವನು ಇನ್ನೂ ಬಂದಿಲ್ಲ. ಅವನ ಕಾರ್ಡು ನಮ್ಮ ಕೈಗೆ ಬರುವ ಹೊತ್ತಿಗೆ ಅವನು ಆ ಊರಿನಲ್ಲಿಯೂ ಇಲ್ಲ. ಆ ಸಂದಿನಲ್ಲಿಯೇ ಮಗುವಿನ ಕಲ್ಪನೆ ಕಾಲಿಡುವುದು.

ಇಂಥ ಓಲೆ ಮಕ್ಕಳಿಗೆ ದಕ್ಕಬೇಕಾದರೆ ಮೊದಲು ಅಂಚೆ ಅಗ್ಗವಾಗಬೇಕಿತ್ತು. ನಮ್ಮ ದೇಶದಲ್ಲಿ ೧೮೫೪ರಲ್ಲಿ ಅರ್ಧ ಆಣೆಯ ಅಂಚೆಚೀಟಿ ಬಂದಿತು. ಹತ್ತಿರವಾಗಲಿ ದೂರವಾಗಲಿ, ತೂಕಕ್ಕೆ ತಕ್ಕಂತೆ ಒಂದೇ ದರವೆಂಬ ನಿಯಮವೂ ಆಗಲೇ ಬಂದಿತು. ಮಂಗಳೂರಿಗೂ ಕಾಶಿಗೂ ಒಂದೇ ಬೆಲೆ! ಇದು ನಮಗೆ ಇಂದು ಸಹಜವೆನಿಸುತ್ತದೆ. ಅಂದಿನ ಬಡವನ ಮಟ್ಟಿಗೆ ಅದು ದೇಶದ ಅಳತೆಯನ್ನೇ ಬದಲಿಸಿದ ಮಾತು. ಕಾಲಾಣೆಯ ಕಾರ್ಡು ಬಂದದ್ದು ೧೮೭೯ರ ಜುಲೈ ೧ರಂದು. ಅದಕ್ಕೆ ಸರಿಯಾಗಿ ೩೬ ವರ್ಷ ಮೊದಲು, ೧೮೪೩ರ ಜುಲೈ ೧ರಂದು, ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದಿತ್ತು. ಎರಡಕ್ಕೂ ಸಂಬಂಧವೇನೂ ಇಲ್ಲ, ತಿಥಿ ಕೂಡಿಬಂದಿದೆ ಅಷ್ಟೆ. ಆದರೂ ಪರಸ್ಥಳದ ಸುದ್ದಿಗೂ ನಮಗೂ ಒಂದೇ ದಿನ ಗಂಟುಬಿದ್ದಿರುವುದು ನನಗೆ ಇಷ್ಟವಾದ ಸಂಗತಿ.

ನಮ್ಮ ಘಾಟಿಗೆ ಇನ್ನೊಂದು ವಿಶೇಷವಿತ್ತು. ೧೯೫೬ರವರೆಗೆ ಕೆಳಗಿನ ನಾವು ಮದರಾಸಿನವರು; ಮೇಲಿನವರು ಮೈಸೂರಿನವರು, ಅಂದಿನ ಕಡೂರು ಜಿಲ್ಲೆಯವರು. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ಅಂಚೆ ಇತ್ತು. ೧೮೮೯ರಲ್ಲಿ ಅದು ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ವಿಲೀನವಾಯಿತು. ಅಲ್ಲಿಯವರೆಗೆ ಒಂದೇ ಬೆಟ್ಟದ ತಲೆಗೂ ಕಾಲಿಗೂ ಬೇರೆ ಬೇರೆ ಅಂಚೆ. ಮಂಗಳೂರಿಗೆ ರೈಲು ೧೯೦೭ರಲ್ಲಿ ಬಂದಿತಾದರೂ ಅದು ಕೇರಳದ ಕಡೆಯಿಂದ ಬಂದದ್ದು. ಹಾಸನದಿಂದ ಘಟ್ಟವಿಳಿದು ರೈಲು ಬರುವುದಕ್ಕೆ ೧೯೭೯ರವರೆಗೆ ಕಾಯಬೇಕಾಯಿತು. ಹೀಗಾಗಿ ಘಟ್ಟದ ಮೇಲಿನ ಲೋಕದೊಡನೆ ನಮ್ಮ ಸಂಬಂಧವೆಲ್ಲ ರಸ್ತೆಯ ಸಂಬಂಧ.

ಇನ್ನು ಪುಸ್ತಕದ ಮಾತು. ಕನ್ನಡದ ಮಕ್ಕಳ ಸಾಹಿತ್ಯಕ್ಕೆ ತೊಟ್ಟಿಲು ಕಟ್ಟಿದ ಊರುಗಳಲ್ಲಿ ನಮ್ಮ ನೆರೆಯ ಬಂಟ್ವಾಳವೂ ಒಂದು. ೧೮೭೪ರಲ್ಲಿ ಅಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿ, ಅನಂತರ ಶಾಲೆಗಳ ತನಿಖಾಧಿಕಾರಿಯಾಗಿ, ಮುಂದೆ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದವರು. ತನಿಖೆಗೆಂದು ಹಳ್ಳಿಹಳ್ಳಿಯ ಶಾಲೆಗಳನ್ನು ಸುತ್ತಿದ ಅಧಿಕಾರಿ ಅಲ್ಲಿನ ಮಕ್ಕಳ ಮಾತಿಗೆ ಕಿವಿಗೊಟ್ಟರೆಂಬುದೇ ನಮ್ಮ ಪುಣ್ಯ. ‘ಬಾಲಸಾಹಿತ್ಯ ಮಂಡಲ’ವನ್ನು ಅವರು ಕಟ್ಟಿದರು. ಹ್ಯಾಮೆಲಿನ್ ಪಟ್ಟಣದ ಇಲಿಗಳ ಕಥೆ ಅವರ ಕೈಯಲ್ಲಿ ‘ಇಲಿಗಳ ಥಕಥೈ’ ಆಯಿತು. ಅವರ ಕಥೆಗಳಲ್ಲಿ ಅಜ್ಜಿಯ ನಾಲಗೆಯಿದೆ. ವ್ಯಾಕರಣದ ಪಂಡಿತರು ತಮ್ಮ ವ್ಯಾಕರಣವನ್ನು ಹೊಸ್ತಿಲ ಹೊರಗೆ ಬಿಟ್ಟುಬಂದು ಮಕ್ಕಳೊಡನೆ ಕುಳಿತಂತಿದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಇದಕ್ಕೆ ಮತ್ತೆ ಬರುತ್ತೇನೆ.

ಪಂಜೆಯವರು ಕಥೆಯನ್ನು ಕೊಟ್ಟರೆ ಕಾರಂತರು ಜಗತ್ತನ್ನೇ ಕೊಟ್ಟರು. ೧೯೩೬ರಲ್ಲಿ ಬಂದ ‘ಬಾಲಪ್ರಪಂಚ’ದ ಮೂರು ಸಂಪುಟಗಳು ಕನ್ನಡದ ಮಗುವಿಗೆ ಭೂಮಿ, ಆಕಾಶ, ಪ್ರಾಣಿ, ಯಂತ್ರ ಎಲ್ಲವನ್ನೂ ಚಿತ್ರಗಳೊಡನೆ ತೋರಿಸಿದವು. ಪುತ್ತೂರಿನಲ್ಲಿ ಕುಳಿತ ಒಬ್ಬ ಮನುಷ್ಯ ಅದನ್ನು ಮಾಡಿದನೆಂಬುದನ್ನು ನೆನೆದರೆ ಇಂದಿಗೂ ಬೆರಗಾಗುತ್ತದೆ. ಆ ಕಾಲದಲ್ಲಿ ಚಿತ್ರವೊಂದನ್ನು ಅಚ್ಚಿಗೆ ಹಾಕಬೇಕಾದರೆ ಅದರ ಬ್ಲಾಕು ಮಾಡಿಸಬೇಕು, ಖರ್ಚಿನ ಬಾಬು. ಒಮ್ಮೆ ಮಾಡಿಸಿದ ಬ್ಲಾಕನ್ನು ಪ್ರಕಾಶಕರು ಸವೆಯುವವರೆಗೂ ಬಿಡುತ್ತಿರಲಿಲ್ಲ. ಅಂಥ ದಿನಗಳಲ್ಲಿ ಮಕ್ಕಳಿಗಾಗಿ ಅಷ್ಟು ಚಿತ್ರಗಳು!

ಆದರೂ ಒಂದು ಮಾತು ಹೇಳದಿರಲಾರೆ. ‘ಬಾಲಪ್ರಪಂಚ’ದಲ್ಲಿ ಜಗತ್ತು ಒಟ್ಟಿಗೆ, ಸಿದ್ಧವಾಗಿ ಬರುತ್ತದೆ. ಯಾವ ಪುಟವನ್ನು ತೆರೆದರೂ ಅಲ್ಲಿ ಉತ್ತರವಿದೆ. ಅದು ವಿಶ್ವಕೋಶದ ಧರ್ಮ, ಆಕ್ಷೇಪಿಸುವಂಥದ್ದಲ್ಲ. ಓಲೆಯ ಧರ್ಮ ಬೇರೆ. ಅದು ಜಗತ್ತನ್ನು ಕಂತಿನಲ್ಲಿ ಕೊಡುತ್ತದೆ. ಕಂತು ಕಂತಿನ ನಡುವೆ ಕಾಯಿಸುತ್ತದೆ.

ಮಕ್ಕಳಿಗೆ ಓಲೆ ಎಂದೊಡನೆ ನಮ್ಮ ದೇಶದಲ್ಲಿ ಎಲ್ಲರ ಬಾಯಿಗೂ ಬರುವ ಹೆಸರು ನೆಹರೂ ಅವರದು. ೧೯೨೮ರ ಬೇಸಗೆಯಲ್ಲಿ ಹತ್ತು ವರ್ಷದ ಇಂದಿರಾ ಮಸ್ಸೂರಿಯ ಬೆಟ್ಟದಲ್ಲಿ, ತಂದೆ ಕೆಳಗೆ ಬಯಲಿನಲ್ಲಿ. ಆಗ ಬರೆದ ಪತ್ರಗಳು ಮರುವರ್ಷ ಪುಸ್ತಕವಾದವು. ಪ್ರೇಮಚಂದರು ಹಿಂದಿಗೆ ಅನುವಾದಿಸಿದರು. ಆ ಪತ್ರಗಳಲ್ಲಿ ಒಂದು ಬೆಣಚುಕಲ್ಲಿನ ಪ್ರಸ್ತಾಪ ಬರುತ್ತದೆ: ಬೆಟ್ಟದ ಬಂಡೆಯಿಂದ ಒಡೆದು, ಹೊಳೆಯಲ್ಲಿ ಉರುಳುರುಳಿ, ಮೂಲೆಗಳೆಲ್ಲ ಸವೆದು ಗುಂಡಗಾದ ಕಲ್ಲು ತನ್ನ ಕಥೆಯನ್ನು ತಾನೇ ಹೇಳುತ್ತದೆ ಎಂಬ ಭಾವ. ಇಲ್ಲಿಯ ಮೃತ್ಯುಂಜಯಾ ಹೊಳೆಯಲ್ಲಿ ಅಂಥ ಕಲ್ಲುಗಳಿಗೆ ಲೆಕ್ಕವಿಲ್ಲ. ಅದನ್ನು ಓದಿದ ಮೇಲೆ ಹೊಳೆಗೆ ಇಳಿದಾಗಲೆಲ್ಲ ಒಂದನ್ನು ಕೈಗೆತ್ತಿಕೊಂಡು ಘಾಟಿಯತ್ತ ನೋಡುವ ಅಭ್ಯಾಸ ನನಗಾಯಿತು. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರವಾಸಿಯೆಂದರೆ ಆ ಕಲ್ಲೇ.

ಮುಂದೆ ೧೯೩೦ರಿಂದ ೧೯೩೩ರವರೆಗೆ ಸೆರೆಮನೆಗಳಲ್ಲಿದ್ದುಕೊಂಡು ನೆಹರೂ ಮಗಳಿಗೆ ೧೯೬ ಪತ್ರಗಳಲ್ಲಿ ಜಗತ್ತಿನ ಚರಿತ್ರೆಯನ್ನು ಬರೆದರು. ನಾಲ್ಕು ಗೋಡೆಗಳ ನಡುವೆ ಕುಳಿತವನು ದೇಶದಲ್ಲಿ ಓಡಾಡಲಾರದೆ ಕಾಲದಲ್ಲಿ ಓಡಾಡಿದನೆನ್ನಬಹುದು; ಯಕ್ಷನ ಸ್ಥಿತಿಯೇ ಅದು. ಈ ಪತ್ರಗಳ ದೊಡ್ಡತನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಬಲ್ಲವರು ತಂದೆ, ಕೇಳುವವಳು ಮಗಳು. ಓಲೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಅಮೆರಿಕದ ಆ ಚಿತ್ರಪುಸ್ತಕದಲ್ಲಿ ದಿಕ್ಕು ತಿರುಗಿದೆ: ಹೋದವನು ಮಗು, ಮನೆಯಲ್ಲಿ ಕುಳಿತು ಕಾಯುವವರು ಹಿರಿಯರು. ಬರೆಯುವವನ ಕೈಬರಹ ಹುಡುಗನದು, ಚಿತ್ರವೂ ಹುಡುಗನ ಕಣ್ಣಿನದು. ಅವನ ಮಾತನ್ನು ತಿದ್ದಿ ಕೊಡುವವರು ಯಾರೂ ಇಲ್ಲ. ಪಂಜೆಯವರು ಹೊಸ್ತಿಲ ಹೊರಗೆ ಬಿಟ್ಟುಬಂದರೆಂದು ನಾನು ಹೇಳಿದ ವ್ಯಾಕರಣ ಇಲ್ಲಿಯೂ ಹೊರಗೇ ಉಳಿದಿದೆ.

ಈಗ ನನ್ನ ಮನೆಯ ಮಾತಿಗೆ ಬರುತ್ತೇನೆ. ಅದನ್ನು ಹೇಳಬೇಕೋ ಬೇಡವೋ ಎಂದು ಬಹಳ ದಿನ ತೂಗಿ ನೋಡಿದ್ದುಂಟು.

ನನ್ನ ಸೋದರಮಾವನೊಬ್ಬ ಅಡಿಕೆ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಮುಂದೆ ಡ್ರೈವರನೂ ಆದ. ನಾಲ್ಕನೆಯ ತರಗತಿಗೆ ಅವನ ಓದು ನಿಂತಿತ್ತು. ನಮ್ಮ ಕಡೆಯ ಚಾಲಿ ಅಡಿಕೆಯನ್ನು ಹೇರಿಕೊಂಡು ಲಾರಿ ಚಾರ್ಮಾಡಿಯನ್ನು ಹತ್ತಿದರೆ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ, ನಾಸಿಕ, ಧುಳೆ, ಇಂದೂರು, ಕೆಲವು ಸಲ ಗ್ವಾಲಿಯರ್ ದಾಟಿ ಕಾನ್ಪುರದವರೆಗೂ ಹೋಗುವುದಿತ್ತು. ಅಂದಿನ ದಿನಗಳಲ್ಲಿ ಊರೂರಿಗೂ ಜಕಾತಿ ನಾಕಾ. ಅಲ್ಲಿ ಲಾರಿಗಳ ಸಾಲು. ಗಂಟೆಗಟ್ಟಲೆ, ಒಮ್ಮೊಮ್ಮೆ ರಾತ್ರಿಯಿಡೀ ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಮಾವ ಹತ್ತು ಪೈಸೆಯ ಕಾರ್ಡಿನ ಮೇಲೆ ನನಗೆ ಬರೆಯುತ್ತಿದ್ದ. ೧೯೭೦ರ ಸುಮಾರಿಗೆ ಆರಂಭವಾದದ್ದು. ನಾನಾಗ ಹತ್ತು ವರ್ಷದವನು.

ಬರಹ ಕಡಿಮೆ, ಚಿತ್ರ ಹೆಚ್ಚು. ನಾಸಿಕದ ದ್ರಾಕ್ಷಿಯ ಚಪ್ಪರ, ತಲೆಗೆ ದೊಡ್ಡ ಮುಂಡಾಸು ಸುತ್ತಿದವನೊಬ್ಬ, ಸೇಂಧವಾ ಘಾಟಿಯಲ್ಲಿ ಅಡ್ಡಬಿದ್ದ ಲಾರಿ, ಗೋಧಿಯ ರೊಟ್ಟಿ ತಟ್ಟುವ ಧಾಬಾದ ಮುದುಕ. ಬೀಡಿಯ ಕಿಡಿ ಬಿದ್ದು ತೂತಾದ ಕಾರ್ಡೂ ಒಂದಿತ್ತು. ‘ಇಲ್ಲಿ ಮಣ್ಣು ಕಪ್ಪು, ನಮ್ಮ ಒಲೆಯ ಬೂದಿ ಬೆರೆಸಿದ ಹಾಗೆ’ ಎಂದು ಬರೆದ ಕಾರ್ಡಿನಲ್ಲಿ ಆ ಮಣ್ಣನ್ನೇ ಬೆರಳಿನಿಂದ ತಿಕ್ಕಿದ್ದ. ದಖ್ಖಣದ ಕರಿಮಣ್ಣಿನ ವಿಷಯವನ್ನು ಮಾಸ್ತರರು ಹೇಳುವುದಕ್ಕೆ ಮೊದಲೇ ನಾನು ಅದನ್ನು ಮುಟ್ಟಿದ್ದೆ. ೧೯೭೨ರಲ್ಲಿ ಪಿನ್‌ಕೋಡು ಬಂದಾಗ, ವಿಳಾಸದ ಕೆಳಗಿನ ಆ ಆರು ಮನೆಗಳಲ್ಲಿ ಅವನು ಒಮ್ಮೆ ಆರು ಅಡಿಕೆಗಳನ್ನು ಬರೆದು ಕಳಿಸಿದ್ದ. ಆದರೂ ಕಾರ್ಡು ತಲುಪಿತು. (ಆ ಪಿನ್‌ಕೋಡನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಕವಿಗಳೂ ಆಗಿದ್ದರು, ಮುಂಡಾಜೆಯ ಚಿತ್ಪಾವನ ಮನೆತನಗಳ ಹಿರಿಯರು ಹೊರಟುಬಂದ ಅದೇ ಕೊಂಕಣದ ಕಡೆಯವರು. ಕವಿಯ ಲೆಕ್ಕ ಇಷ್ಟು ಗಟ್ಟಿಯಾಗಿ ನಿಂತದ್ದು ಅಪರೂಪ.)

ಕಾರ್ಡು ಬಂದ ದಿನ ಶಾಲೆಯ ಗೋಡೆಯಲ್ಲಿ ತೂಗುಹಾಕಿದ್ದ ನಕಾಶೆಯಲ್ಲಿ ಆ ಊರನ್ನು ಹುಡುಕುತ್ತಿದ್ದೆ. ಸಿಕ್ಕಿದರೆ ಬೆರಳಿಟ್ಟು, ಅಲ್ಲಿಂದ ಮುಂದಕ್ಕೆ ಎಲ್ಲಿಗೆ ಹೋಗಿರಬಹುದೆಂದು ನಾವು ಮೂವರು ನಾಲ್ವರು ಹುಡುಗರು ಪಂಥ ಕಟ್ಟುತ್ತಿದ್ದೆವು. ಬಸ್ಸಿಗಿಂತ ಮೊದಲು ನಮ್ಮನ್ನು ಘಾಟಿ ಹತ್ತಿಸಿದ್ದು ಆ ಕಾರ್ಡುಗಳೇ.

ಎಂ.ಎ. ತರಗತಿಗೆ ಸೇರಿದ ಹೊಸತರಲ್ಲಿ ರಜೆಗೆ ಊರಿಗೆ ಬಂದವನು ಒಂದು ಮಧ್ಯಾಹ್ನ ಆ ಕಾರ್ಡುಗಳನ್ನು ಹರಡಿಕೊಂಡು ಕುಳಿತೆ. ಭಾಷಾಶಾಸ್ತ್ರದ ಉತ್ಸಾಹ. ಮಾವನ ಬರಹದಲ್ಲಿ ಮಹಾಪ್ರಾಣಗಳಿರಲಿಲ್ಲ. ತುಳುವಿನ ಜಾಡಿನಲ್ಲಿ ಕನ್ನಡ ವಾಕ್ಯ ನಡೆಯುತ್ತಿತ್ತು. ಹಕಾರ ಇರಬೇಕಾದಲ್ಲಿ ಇಲ್ಲ, ಇರಬಾರದಲ್ಲಿ ಇದೆ. ಕೆಂಪು ಶಾಯಿಯಲ್ಲಿ ಒಂದೊಂದನ್ನೂ ತಿದ್ದಿದೆ. ಯಾರಿಗೂ ತೋರಿಸಬೇಕೆಂದಲ್ಲ. ಪಂಡಿತನಾಗುವ ಹುಮ್ಮಸ್ಸಿಗೆ ಕೈಗೆ ಸಿಕ್ಕಿದ್ದು ಅದು, ಅಷ್ಟೆ. ಎರಡು ದಿನ ಕಳೆದು ಮಾವ ಬಂದ. ಪೆಟ್ಟಿಗೆ ಜಗಲಿಯಲ್ಲಿಯೇ ಇತ್ತು. ಒಂದು ಕಾರ್ಡನ್ನು ಎತ್ತಿ ನೋಡಿದ, ಇನ್ನೊಂದನ್ನು ನೋಡಿದ, ಮತ್ತೆ ಹಾಗೆಯೇ ಜೋಡಿಸಿ ಇಟ್ಟ. ‘ಇಷ್ಟು ತಪ್ಪಿತ್ತಾ ಮಾರಾಯ?’ ಎಂದ. ನಗುತ್ತಲೇ ಅಂದದ್ದು. ಅನಂತರವೂ ಐದಾರು ವರ್ಷ ಅವನು ಲಾರಿಯಲ್ಲಿ ಹೋಗುತ್ತಿದ್ದ. ನನಗೆ ಒಂದು ಕಾರ್ಡೂ ಬರಲಿಲ್ಲ.

ಪಂಜೆಯವರ ಕಥೆಗಳಲ್ಲಿ ಅಜ್ಜಿಯ ನಾಲಗೆಯಿದೆಯೆಂದು ತರಗತಿಯಲ್ಲಿ ಮೂವತ್ತು ವರ್ಷ ಹೇಳಿದವನು ನಾನೇ. ರೇವೆಯೆಂದರೆ ನರ್ಮದೆ ಎಂದು ಪ್ರತಿವರ್ಷ ಅರ್ಥ ಹೇಳಿದವನೂ ನಾನೇ. ಇಂದೂರಿಗೆ ಹೋಗುವ ಆ ರಸ್ತೆ ಖಲ್‌ಘಾಟಿನಲ್ಲಿ ನರ್ಮದೆಯನ್ನು ದಾಟುತ್ತದೆಂಬುದು, ಉಜ್ಜಯಿನಿ ಅಲ್ಲಿಂದ ಬಹಳ ದೂರವೇನಲ್ಲವೆಂಬುದು, ಅಂದರೆ ನನ್ನ ಮಾವ ಮೋಡದ ದಾರಿಯನ್ನು ಅಡಿಕೆ ಮೂಟೆಗಳ ಮೇಲೆ ಕುಳಿತು ಎಷ್ಟೋ ಸಲ ಅಡ್ಡಹಾಯ್ದಿದ್ದನೆಂಬುದು ನನಗೆ ಹೊಳೆದದ್ದು ನಿವೃತ್ತನಾದ ಮೇಲೆ. ಆಗ ಮಾವ ಇರಲಿಲ್ಲ.

ಆ ಕಾರ್ಡುಗಳನ್ನು ಕ್ರಮವಾಗಿ ಜೋಡಿಸಿ, ಮಕ್ಕಳಿಗಾಗಿ ಇದ್ದದ್ದು ಇದ್ದಂತೆ ಒಂದು ಚಿತ್ರಪುಸ್ತಕ ಮಾಡಬೇಕೆಂದು ಆಗ ಹೊರಟೆ. ಕೆಂಪು ಶಾಯಿಯನ್ನು ತೆಗೆಯುವ ಉಪಾಯವನ್ನೂ ಒಬ್ಬರಲ್ಲಿ ಕೇಳಿ ತಿಳಿದಿದ್ದೆ. ಅಷ್ಟರಲ್ಲಿ ೨೦೧೯ರ ಆಗಸ್ಟ್ ಬಂದಿತು. ಚಾರ್ಮಾಡಿಯಲ್ಲಿ ಗುಡ್ಡಗಳು ಜರಿದು ರಸ್ತೆ ಮುಚ್ಚಿದ್ದು, ಮೃತ್ಯುಂಜಯಾ ಹೊಳೆ ತೋಟಗಳಿಗೆ ಮರಳು, ಮರ, ಬಂಡೆಗಳನ್ನು ತಂದು ಹಾಕಿದ್ದು ಕೇಳುಗರಿಗೆ ನೆನಪಿರಬಹುದು. ನಮ್ಮ ಹಳೆಯ ಮನೆ ಹೊಳೆಯ ಬದಿಯದು. ನೀರು ಇಳಿದ ಮೇಲೆ ಪೆಟ್ಟಿಗೆ ಸಿಕ್ಕಿತು. ಒಳಗೆ ಕಾರ್ಡುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಒಣಗಿಸಿ ಬಿಡಿಸಿದಾಗ ಓದುವ ಸ್ಥಿತಿಯಲ್ಲಿ ಉಳಿದದ್ದು ಏಳು. ವಿಚಿತ್ರವೆಂದರೆ ನನ್ನ ಕೆಂಪು ಶಾಯಿ ನೀರಿಗೆ ಪೂರ್ತಿ ಕರಗಿಹೋಗಿತ್ತು. ಮಾವ ಬರೆದದ್ದು ಸೀಸದ ಕಡ್ಡಿಯಲ್ಲಿ, ಅದು ಉಳಿದಿತ್ತು.

ಏಳು ಕಾರ್ಡುಗಳಿಂದ ಪುಸ್ತಕವಾಗದು. ಅವನ್ನು ನಾನು ಒಂದು ಹಲಗೆಗೆ ಸಾಲಾಗಿ ಅಂಟಿಸಿ, ನಡುನಡುವೆ ಜಾಗ ಬಿಟ್ಟು, ಇಲ್ಲಿಯ ಶಾಲೆಯೊಂದರ ಮಕ್ಕಳಿಗೆ ಒಮ್ಮೆ ತೋರಿಸಿದೆ. ಖಾಲಿ ಜಾಗಗಳಲ್ಲಿ ಏನಿತ್ತೆಂದು ಕೇಳಿದರು. ನೀವೇ ಬರೆಯಿರಿ ಎಂದೆ. ಬರೆದರು, ಚಿತ್ರವನ್ನೂ ಬರೆದರು. ಒಬ್ಬಳು ಹುಡುಗಿ ಮಾವನನ್ನು ಕಾಶ್ಮೀರದವರೆಗೂ ಕಳಿಸಿಬಿಟ್ಟಳು. ಅವಳ ‘ಹಿಮ’ಕ್ಕೆ ಹಕಾರವಿರಲಿಲ್ಲ. ನನ್ನ ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿನವರೆಗೆ ಹೋಯಿತು, ಅಲ್ಲಿಯೇ ನಿಂತಿತು.

ಉಳಿದ ಏಳರಲ್ಲಿ ಒಂದು ಖಲ್‌ಘಾಟಿನದು. ಮುದ್ರೆಯ ಇಸವಿ ಅಳಿಸಿದೆ, ಜೂನ್ ಎಂಬುದು ಮಾತ್ರ ಕಾಣುತ್ತದೆ. ಚಿತ್ರದಲ್ಲಿ ಅಗಲವಾದ ಒಂದು ಹೊಳೆ, ಮೇಲೆ ಸೇತುವೆ, ಸೇತುವೆಯ ಮೇಲೆ ಬೆಂಕಿಪೊಟ್ಟಣದಷ್ಟು ಲಾರಿ. ಆಕಾಶದಲ್ಲಿ ಏನೂ ಇಲ್ಲ. ಕೆಳಗೆ ಮೂರು ಸಾಲು: ‘ಇದು ನರ್ಮದೆ ಅಂತೆ. ಆಟಿ ತಿಂಗಳ ನಮ್ಮ ನೇತ್ರಾವತಿಯಷ್ಟು ಉಂಟು. ಇಲ್ಲಿ ಮಳೆ ಬರಲಿಲ್ಲ, ಅಲ್ಲಿ ಬಂತಾ?’

ದಿನಕ್ಕೊಂದು ಊರಿನಲ್ಲಿರುವವನಿಗೆ ಉತ್ತರ ಬರೆಯಲು ವಿಳಾಸವಿರಲಿಲ್ಲ. ಅಂದು ಇಲ್ಲಿ ಮಳೆ ಬಂದಿತ್ತೇ ಎಂಬುದು ನನಗೆ ನೆನಪಿಲ್ಲ.